ಮೊಮ್ಮಗಳ ಕುಸ್ತಿಯೂ ನನ್ನ ಮಾಪೂ

ನಮ್ಮ ಹುಡುಗಿ ಪದಕ ತಂದಳು! ಇಡೀ ಬ್ರಿಟನ್ನಿನ ಕಾಲೇಜು ಹುಡುಗಿಯರ ಕುಸ್ತಿಯಲ್ಲಿ, ಐವತ್ತೊಂಬತ್ತು ಕಿಲೋ ತೂಕದವರಲ್ಲಿ, ನನ್ನ ಮೊಮ್ಮಗಳು ಮೂರನೆಯವಳಾಗಿ ಬಂದು ಕೊರಳಿಗೆ ಕಂಚು ಹಾಕಿಸಿಕೊಂಡಳು. ಬಸ್ ಡ್ರೈವರನಿಗೆ ಹೇಳಿಯಾಯಿತು. ಜಿಪಿ ಡಾಕ್ಟರ ಹತ್ತಿರ ಹೆಸರು ಬರೆದುಕೊಳ್ಳುವ ಹುಡುಗಿಗೆ ಹೇಳಿಯಾಯಿತು. ಪಕ್ಕದ ಫ್ಲಾಟಿನ ಸೋಮಾಲಿ ಹೆಣ್ಣುಮಗಳಿಗೆ ಬಾಯಿಂದ ಹೇಳಲು ಬಾರದೆ ಅವಳ ಕುತ್ತಿಗೆಗೆ ಕೈ ಹಾಕಿ ತೋರಿಸಿದೆ. ಪಾಪ, ಮೊದಲು ಹೆದರಿ ಆಮೇಲೆ ನಕ್ಕಳು. ಊರಿಗೆ ಫೋನ್ ಮಾಡಿದೆ, ಕಾರ್ಡು ಖಾಲಿಯಾಗುವ ತನಕ ಹೇಳಿದೆ. ಇನ್ನೂ ಹೊಟ್ಟೆಯೊಳಗೆ ಉಳಿದಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಸಾಲು ಸೊಟ್ಟ ಹೋದರೆ ಓದುವವರೇ ನೆಟ್ಟಗೆ ಮಾಡಿಕೊಳ್ಳಬೇಕು.

ಆ ದಿನ ನಾನು ಅವಳಿಗೆ ಏನು ಸಹಾಯ ಮಾಡಿದೆ ಎಂದು ಎಲ್ಲರೂ ಕೇಳುತ್ತಾರೆ. ಮಾಡಿದ ಒಂದೇ ಸಹಾಯದಿಂದ ಅವಳು ಸೋತಳು. ಅದನ್ನೂ ಬರೆಯಬೇಕು.

ಲಂಡನ್ನಿನ ಅಕ್ಸ್‌ಬ್ರಿಡ್ಜ್ ಕಡೆಯ ಒಂದು ಸ್ಪೋರ್ಟ್ಸ್ ಹಾಲಿನಲ್ಲಿ ನೆಲ ಒರೆಸುವುದು ನನ್ನ ಕೆಲಸ. ಮೊಮ್ಮಗಳು ಓದುವುದು ಬೇರೆ ಕಾಲೇಜಿನಲ್ಲಿ. ಹೆಣ್ಣುಮಕ್ಕಳ ಕುಸ್ತಿಯನ್ನು ಒಲಿಂಪಿಕ್ಸಿನಲ್ಲಿ ಟಿವಿಯ ಮೇಲೆ ನೋಡಿದವಳೇ ನಾನೂ ಆಡುತ್ತೇನೆ ಎಂದು ಹೊರಟವಳು. ಮೂರು ವರ್ಷ ಅವಳು ಎಲ್ಲಿ ಆಡಿದರೂ ನನಗೆ ನೋಡಲು ಆಗಿರಲಿಲ್ಲ, ಶನಿವಾರವೂ ನನಗೆ ಕೆಲಸ. ಈ ಸಲ ದೊಡ್ಡ ಪಂದ್ಯಾವಳಿ ನಮ್ಮ ಹಾಲಿಗೇ ಬಂತು, ಅದೂ ಅವಳ ಕೊನೆಯ ವರ್ಷ. ಓದು ಮುಗಿದರೆ ಮುಗಿಯಿತು, ಮುಂದಿನ ವರ್ಷ ಕಾಲೇಜಿನವಳಾಗಿ ಅವಳು ಕಣಕ್ಕೆ ಇಳಿಯುವಂತಿಲ್ಲ. ಪದಕ ಬಂದರೆ ಇದೊಂದೇ ದಿನ ಬರಬೇಕು.

ಹಿಂದಿನ ದಿನ ಲಾರಿಯಲ್ಲಿ ಮ್ಯಾಟು ಬಂತು. ಮ್ಯಾಟು ಎಂದರೆ ನಾನು ಜಮಖಾನೆ ಇರಬೇಕು ಅಂದುಕೊಂಡಿದ್ದೆ. ಮಂಚದಷ್ಟು ಅಗಲದ ಸ್ಪಂಜಿನ ಹಲಗೆಗಳು, ಒಂದಕ್ಕೊಂದು ಒತ್ತಿ ಹೊಂದಿಸಿ, ಮೇಲೆ ಒಂದೇ ಒಂದು ದೊಡ್ಡ ಹಾಳೆ ಹಾಸಿ, ಎಂಟು ಜನ ನಾಲ್ಕೂ ಕಡೆಯಿಂದ ಜಗ್ಗಬೇಕು. ಒಂದು ಸುಕ್ಕು ಉಳಿದರೂ ಕಾಲು ಸಿಕ್ಕಿ ಮೊಣಕಾಲು ಮುರಿಯುತ್ತದೆಯಂತೆ. ಹಾಳೆಯ ಮೇಲೆ ನಡುವೆ ದೊಡ್ಡ ದುಂಡು, ದುಂಡಿನ ಅಂಚಿಗೆ ಕೆಂಪು ಪಟ್ಟಿ. ಆ ಪಟ್ಟಿಯಿಂದ ಆಚೆ ಕಾಲಿಟ್ಟವಳು ಎದುರಾಳಿಗೆ ಒಂದು ಅಂಕ ಕೊಟ್ಟ ಹಾಗೆ. ಅಂಥ ಮ್ಯಾಟು ಎರಡು.

ನಮ್ಮ ಸೂಪರ್‌ವೈಸರ್ ಉಡುಪಿ ಕಡೆಯ ಕ್ರಿಶ್ಚನ್ ಹೆಂಗಸು. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ. ಅವಳು ನನ್ನ ಮುಂದೆ ಎರಡು ಬಕೆಟ್ ಇಟ್ಟಳು, ಒಂದು ಹಸಿರು, ಒಂದು ಹಳದಿ.

"ನೋಡಿ ಅಜ್ಜಿ, ಹಸಿರಿದ್ದು ಬೆವರಿಗೆ. ಹಳದಿಯದ್ದು ರಕ್ತಕ್ಕೆ ಮಾತ್ರ, ಅದರಲ್ಲಿ ಬ್ಲೀಚ್ ಉಂಟು. ಎರಡರ ಬಟ್ಟೆ ಮಿಕ್ಸ್ ಮಾಡ್ಲಿಕ್ಕಿಲ್ಲ. ಶೂಸ್ ಹೊರಗೆ, ಹೊಸ ಸಾಕ್ಸ್ ಹಾಕಿಯೇ ಮ್ಯಾಟಿಗೆ ಹತ್ತುದು. ರೆಫ್ರಿ ಕೈ ಮಾಡಿದ್ರೆ ಓಡುದು, ಒರೆಸುದು, ಬರುದು."

"ಮತ್ತೇನರ ಬಿದ್ದಿದ್ರ?"

"ಬೇರೆ ಎಂತ ಕಂಡ್ರೂ ಮುಟ್ಟಬೇಡಿ. ಕೈ ಎತ್ತಿ ನಿಂತುಕೊಳ್ಳಿ, ಮೇಜಿನವರು ಬರ್ತಾರೆ. ಮತ್ತೆ ಇನ್ನೊಂದು ಮಾತು, ಮೊಮ್ಮಗಳು ಅಂತ ಹೇಳಿ ಮಾತಾಡ್ಲಿಕ್ಕೆ ಹೋಗಬೇಡಿ ಮಾರಾಯ್ರೆ. ಸ್ಟಾಫ್ ಅಂದ್ರೆ ಸ್ಟಾಫ್. ಆಟದವರನ್ನು ಮುಟ್ಟುವ ಹಾಗಿಲ್ಲ."

ಹೂಂ ಎಂದೆ. ಆ ಹೂಂ ಮರುದಿನ ಮಧ್ಯಾಹ್ನದ ತನಕವೂ ನಿಲ್ಲಲಿಲ್ಲ.

ಶನಿವಾರ ಬೆಳಿಗ್ಗೆ ತೂಕ. ಉದ್ದನೆಯ ಸಾಲು, ಎಲ್ಲ ಹುಡುಗಿಯರ ಮೈಗೂ ಅಂಟಿದಂಥ ಬಟ್ಟೆ, ಬರಿಗಾಲು. ನಾನು ಕಾರಿಡಾರಿನಲ್ಲಿ ಒರೆಸಿದ್ದನ್ನೇ ಒರೆಸುತ್ತ ನೋಡಿದೆ. ಮೊದಲು ಕಾಲೇಜಿನ ಕಾರ್ಡು. ಆಮೇಲೆ ಡಾಕ್ಟರಮ್ಮ ಮೈಮೇಲೆ ಗಜಕರ್ಣ, ಹುಣ್ಣು ಇದೆಯೇ ನೋಡುತ್ತಾಳೆ. ಉಗುರು ನೋಡುತ್ತಾಳೆ. ಕೂದಲಲ್ಲಿ ಪಿನ್ನು ಇದ್ದರೆ ತೆಗೆಸುತ್ತಾಳೆ. ಆಮೇಲೆ ತಕ್ಕಡಿ. ನಮ್ಮವಳು ಹತ್ತಿದಾಗ ಇನ್ನೂರು ಗ್ರಾಂ ಹೆಚ್ಚು ಬಂತು! ಎರಡು ವಾರ ಅನ್ನ ಬಿಟ್ಟವಳು, ಹಿಂದಿನ ದಿನ ನೀರನ್ನೂ ಗುಟುಕು ಗುಟುಕಾಗಿ ಕುಡಿದವಳು. ಅರ್ಧ ಗಂಟೆ ಕೊಟ್ಟರು. ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಮೆಟ್ಟಿಲ ಕೆಳಗೆ ಹಗ್ಗ ಜಿಗಿದಳು, ಒಂದು ಬಾಟಲಿಗೆ ಉಗುಳುತ್ತ ಉಗುಳುತ್ತ. ನನ್ನ ಕೈಯಲ್ಲಿ ಮಾಪು. ಜಿಗಿದದ್ದು ಅವಳು, ಬೆವರು ಇಳಿದದ್ದು ಇಬ್ಬರಿಗೂ. ಕೊನೆಗೆ ತಕ್ಕಡಿ ಒಪ್ಪಿತು.

ತೂಕವಾದ ಮೇಲೆ ಚೀಲದಲ್ಲಿ ಕೈ ಹಾಕಿ ಒಂದು ನಂಬರ್ ತೆಗೆಯಬೇಕು. ಯಾರ ಮೇಲೆ ಯಾರು ಎನ್ನುವುದು ಆ ನಂಬರಿನ ಮೇಲೆ. ಅವಳ ತೂಕದಲ್ಲಿ ಹದಿನಾಲ್ಕು ಹುಡುಗಿಯರು. ದೊಡ್ಡ ಕಾಗದದ ಮೇಲೆ ಗೆರೆ ಎಳೆದು, ಇಬ್ಬಿಬ್ಬರ ಹೆಸರು ಸೇರಿಸಿ ಗೋಡೆಗೆ ಅಂಟಿಸಿದರು. ನಮ್ಮ ಕಡೆ ಜೋಡಿ ಕಟ್ಟುವಾಗ ಇಬ್ಬರ ತೊಡೆ, ಕುತ್ತಿಗೆ ನೋಡಿ ಹಿರಿಯರು ಸೈ ಅನ್ನುತ್ತಿದ್ದರು. ಇಲ್ಲಿ ಕಣ್ಣಿಗೆ ಕೆಲಸವೇ ಇಲ್ಲ.

ಅವಳು ನನ್ನ ಹತ್ತಿರ ಬಂದದ್ದು ಆಮೇಲೆ, ಬಾಳೆಹಣ್ಣು ತಿನ್ನುತ್ತ. "ಅಜ್ಜಿ, ಮೈ ಶೋಲ್ಡರ್... ಹಿಡಕೊಂಡ್ ಬಿಟ್ಟದ" ಎಂದಳು. ಎಡಗೈ ಕಿವಿಯ ತನಕವೂ ಏರುತ್ತಿರಲಿಲ್ಲ.

ನಾನು ಹುಟ್ಟಿದ್ದು ಪೈಲ್ವಾನರ ಮನೆಯಲ್ಲಿ. ಅಪ್ಪನ ಗರಡಿಯ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವಂತಿರಲಿಲ್ಲ. ಆದರೆ ಅಲ್ಲಿಗೆ ಬೇಕಾದ ಎಣ್ಣೆಯನ್ನು ಹೊರಗೆ ಒಲೆಯ ಮೇಲೆ ಕಾಯಿಸುತ್ತಿದ್ದವಳು ನಾನು. ಎಳ್ಳೆಣ್ಣೆಗೆ ಬೆಳ್ಳುಳ್ಳಿ, ಓಮ, ಒಂದು ಚೂರು ಜಾಯಿಕಾಯಿ. ಬೆಳ್ಳುಳ್ಳಿ ಕಪ್ಪಾಗುವ ಮೊದಲೇ ಇಳಿಸಬೇಕು. ಅದೇ ಎಣ್ಣೆಯನ್ನು ಲಂಡನ್ನಿನಲ್ಲಿ ಎಲೆಕ್ಟ್ರಿಕ್ ಒಲೆಯ ಮೇಲೆ ಕಾಯಿಸಿ, ಒಂದು ಕೆಮ್ಮಿನ ಔಷಧದ ಶೀಶೆಯಲ್ಲಿ ಹಾಕಿ, ಆ ದಿನ ನನ್ನ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದೆ.

ಬಕೆಟ್ ಇಡುವ ಕೋಣೆಗೆ ಅವಳನ್ನು ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ಅಜ್ಜಿ, ಆಯಿಲ್ ನಡ್ಯಂಗಿಲ್ಲ. ಇಟ್ಸ್ ಎ ರೂಲ್. ಬಂದು ಮೈ ಮುಟ್ಟಿ ಚೆಕ್ ಮಾಡ್ತಾರ."

"ಒರಸ್ತೀನಿ ಬಿಡು. ಒಂದ್ ಹನಿ ಉಳ್ಯಂಗಿಲ್ಲ. ಈ ಕೈ ಇಟಗೊಂಡ್ ನೀ ಹೆಂಗ ಹಿಡೀತಿ?"

ಅವಳಿಗೆ ನೋವು. ಸುಮ್ಮನೆ ತಿರುಗಿ ಕುಳಿತಳು. ಭುಜ, ಬೆನ್ನಿನ ಹಲಗೆ, ಪಕ್ಕೆಯ ಕೆಳಗಿನ ತನಕ ತಿಕ್ಕಿದೆ. ಹತ್ತು ನಿಮಿಷಕ್ಕೆ ಕೈ ಸಲೀಸಾಗಿ ಮೇಲೆ ಹೋಯಿತು. "ಓ ಮೈ ಗಾಡ್, ಅಜ್ಜಿ!" ಎಂದು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಎರಡು ಟವೆಲ್ಲು ತೋಯುವ ಹಾಗೆ ಒರೆಸಿದೆ. ಮುಟ್ಟಿ ನೋಡಿದರೆ ಚರ್ಮ ಒಣಗಿತ್ತು.

ನಾನು ಮರೆತದ್ದು ಏನೆಂದರೆ, ಗರಡಿಯಲ್ಲಿ ಎಣ್ಣೆ ಹಚ್ಚಿದ ಮೇಲೆ ಮೈಮೇಲೆ ಕೆಮ್ಮಣ್ಣು ಬೀಳುತ್ತದೆ. ಮಣ್ಣು ಎಣ್ಣೆಯನ್ನು ಕುಡಿಯುತ್ತದೆ, ಹಿಡಿತ ಕೊಡುತ್ತದೆ. ಹೊಸ್ತಿಲ ಹೊರಗೆ ಕುಳಿತವಳಿಗೆ ಎಣ್ಣೆ ಒಳಗೆ ಹೋದದ್ದು ಕಂಡಿತ್ತು, ಮಣ್ಣಿನ ಕೆಲಸ ಕಂಡಿರಲಿಲ್ಲ. ಇಲ್ಲಿ ಮಣ್ಣೆಲ್ಲಿ? ಪ್ಲಾಸ್ಟಿಕ್ಕಿನ ಹಾಳೆ.

ಮೊದಲ ಕುಸ್ತಿ ಅವಳು ನೋಡನೋಡುತ್ತ ಗೆದ್ದಳು. ರೆಫ್ರಿ ಇಬ್ಬರ ತೋಳನ್ನೂ ಮುಟ್ಟಿ ನೋಡಿದ, ಕರವಸ್ತ್ರ ಇದೆಯೇ ಎಂದು ಕೇಳಿದ. ಪ್ರತಿಯೊಬ್ಬರೂ ಬಟ್ಟೆಯೊಳಗೆ ಒಂದು ಕರವಸ್ತ್ರ ಇಟ್ಟುಕೊಳ್ಳಬೇಕು. ಆಮೇಲೆ ಸೀಟಿ. ಒಂದು ಸುತ್ತು ಎಂದರೆ ಎರಡು ನಿಮಿಷ, ಮೂರರಲ್ಲಿ ಎರಡು ಸುತ್ತು ಗೆದ್ದವಳು ಗೆದ್ದ ಹಾಗೆ. ಭುಜ ಎರಡೂ ಮ್ಯಾಟಿಗೆ ತಾಗಿದರೆ ಅಲ್ಲಿಗೇ ಮುಗಿಯಿತು, ಗಡಿಯಾರ ಎಷ್ಟೇ ತೋರಿಸಲಿ. ಅವಳು ಕೆಂಪು ಬಟ್ಟೆಯಲ್ಲಿದ್ದಳು. ಮೇಲಿನ ಗ್ಯಾಲರಿಯಿಂದ ನಮ್ಮ ಯಜಮಾನರು ಒಬ್ಬರೇ ಇಡೀ ಹಾಲಿಗೆ ಕೇಳುವಂತೆ ಒದರಿದರು: "ಹಾಕಲೇ ಅಕಿನ್ನ! ಕಾಲ ಸಿಗಸು, ಕಾಲ ಸಿಗಸು!" ಸೆಕ್ಯುರಿಟಿಯವನು ಬಂದು ತುಟಿಯ ಮೇಲೆ ಬೆರಳಿಟ್ಟ. ಇವರು ಅವನಿಗೂ ಕಾಲು ಸಿಗಿಸುವುದು ಹೇಗೆಂದು ತೋರಿಸಿದರು.

ಎರಡನೆಯ ಕುಸ್ತಿ ಕ್ವಾರ್ಟರ್ ಫೈನಲ್. ಎದುರಾಳಿ ಉತ್ತರದ ಕಡೆಯವಳು, ಕೆಂಪು ಕೂದಲಿನ ಎತ್ತರದ ಹುಡುಗಿ, ನೀಲಿ ಬಟ್ಟೆ. ಗೋಡೆಯ ಕಾಗದದಲ್ಲಿ ಎಲ್ಲರೂ ಬೆರಳು ತೋರಿಸುತ್ತಿದ್ದದ್ದು ಅವಳ ಹೆಸರಿಗೇ. ಮೊದಲ ಸುತ್ತು ನಮ್ಮವಳಿಗೆ ಬಂತು! ಆ ಹುಡುಗಿ ಭುಜ ಹಿಡಿದು ಜಗ್ಗುತ್ತಾಳೆ, ಕೈ ಜಾರುತ್ತದೆ. ಹಿಡಿಯುತ್ತಾಳೆ, ಜಾರುತ್ತದೆ. ನನ್ನ ಮೊಮ್ಮಗಳು ಮೀನಿನ ಹಾಗಿದ್ದಾಳಲ್ಲ ಎಂದು ನಾನು ಹಿಗ್ಗಿದೆ. ಆ ಹುಡುಗಿಯ ಕೋಚು ಎದ್ದು "ಗ್ರೀಸ್! ಗ್ರೀಸ್!" ಎಂದು ಕೂಗಿದ. ರೆಫ್ರಿ ನಮ್ಮವಳ ಮುಂಗೈ ಮುಟ್ಟಿದ, ಬೆವರು ಎಂದ, ಟವೆಲ್ಲಿನಿಂದ ಒರೆಸಲು ಹೇಳಿ ಮುಂದುವರಿಸಿದ.

ಎರಡನೆಯ ಸುತ್ತು ಅರ್ಧ ಆಗಿತ್ತು. ನಮ್ಮವಳಿಗೆ ಒಂದು ಅಂಕ ಮುಂದೆ. ಆ ಹುಡುಗಿ ಎತ್ತಲು ಹೋದಳು, ಅವಳ ಹಿಂಗಾಲು ಸರ್ರನೆ ಜಾರಿ ಮೊಣಕಾಲು ಒಳಗೆ ಮಡಚಿ ಬಿತ್ತು. "ಆ" ಎಂದದ್ದು ನನಗೆ ಕೇಳಿಸಿತು. ಸೀಟಿ. ಡಾಕ್ಟರಮ್ಮ ಓಡಿದಳು. ಬಿದ್ದಾಗ ಮೊಳಕೈ ತರಚಿ ಒಂದು ಹನಿ ರಕ್ತವೂ ಬಿದ್ದಿತ್ತು. ರೆಫ್ರಿ ನನ್ನ ಕಡೆ ಕೈ ಮಾಡಿದ.

ಹಳದಿ ಬಕೆಟ್ಟಿನ ಬಟ್ಟೆ ತೆಗೆದುಕೊಂಡು ಮ್ಯಾಟಿನ ಮೇಲೆ ಹೋಗಿ ಮೊಣಕಾಲೂರಿದೆ. ರಕ್ತ ಒರೆಸಿದೆ, ಹೋಯಿತು. ಪಕ್ಕದಲ್ಲಿ ಅಂಗೈಯಗಲ ಜಾಗ ಹೊಳೆಯುತ್ತಿತ್ತು. ಬಟ್ಟೆ ಎಳೆದೆ. ನೀರು ಅಲ್ಲಿ ನಿಲ್ಲದೆ ಮುತ್ತುಮುತ್ತಾಗಿ ಸರಿಯಿತು. ಬೆರಳು ಇಟ್ಟೆ, ಮೂಗಿಗೆ ತಂದೆ. ಓಮ, ಬೆಳ್ಳುಳ್ಳಿ.

ಚರ್ಮ ಕುಡಿದಿದ್ದ ಎಣ್ಣೆಯನ್ನು ಬೆವರು ಹೊರಗೆ ಹಾಕಿತ್ತು. ಬೆನ್ನು ತಾಗಿದಲ್ಲೆಲ್ಲ ಮ್ಯಾಟಿಗೆ ಹತ್ತಿತ್ತು.

ತಲೆ ಎತ್ತಿದೆ. ಮೊಮ್ಮಗಳು ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ತಿಳಿದುಹೋಗಿತ್ತು. ತಲೆಯನ್ನು ಇಷ್ಟೇ ಇಷ್ಟು, ಒಂದು ಸಲ ಅಲ್ಲಾಡಿಸಿದಳು. ಬೇಡ ಎಂದು.

ಇನ್ನು ಐವತ್ತು ಅರವತ್ತು ಸೆಕೆಂಡು. ಅಷ್ಟು ತಡೆದರೆ ಅವಳು ಸೆಮಿಫೈನಲ್ಲಿಗೆ ಹೋಗುತ್ತಿದ್ದಳು. ನನ್ನ ಬಾಯಿಂದ ಒಂದು ಮಾತು ಬಾರದಿದ್ದರೆ ಸಾಕಿತ್ತು. ಆ ಕಡೆ ಕೆಂಪು ಕೂದಲಿನ ಹುಡುಗಿ ಎದ್ದು ನಿಂತು, ಮೊಣಕಾಲು ಮಡಚಿ ಬಿಡಿಸಿ ನೋಡಿ, ಆಡುತ್ತೇನೆ ಎಂದು ಡಾಕ್ಟರಮ್ಮನಿಗೆ ತಲೆಯಾಡಿಸಿದಳು. ಅವಳು ಮತ್ತೆ ಬಂದು ಅದೇ ಜಾಗದ ಮೇಲೆ ಕಾಲಿಡುವವಳು. ಅವಳಿಗೂ ಇಪ್ಪತ್ತೊಂದು ವರ್ಷ ಇರಬಹುದು. ನಾನು ಇನ್ನೊಮ್ಮೆ ಬಟ್ಟೆ ಎಳೆದು ನೋಡಿದೆ, ತಾನಾಗಿ ಹೋಗಲಿ ದೇವರೇ ಎಂದು. ಅಂಗೈಯಗಲ ಇದ್ದದ್ದು ತಾಟಿನಗಲ ಆಯಿತು. ಬ್ಲೀಚಿಗೆ ಎಣ್ಣೆ ಹೋಗುವುದಿಲ್ಲ, ಹರಡುತ್ತದೆ.

ಕೈ ಎತ್ತಿದೆ.

ಮೇಜಿನ ನಡುವೆ ಕುಳಿತಿದ್ದ ಬಿಳಿಗೂದಲಿನ ಹೆಂಗಸು ಎದ್ದು ಬಂದಳು. ಅವಳೇ ಆ ಮ್ಯಾಟಿನ ಯಜಮಾನಿ. "ಆಯಿಲ್" ಎಂದೆ. "ಮೈ ಆಯಿಲ್. ಐ ಪುಟ್. ಗ್ರ್ಯಾಂಡ್‌ಡಾಟರ್." ಎದೆಗೆ ಕೈ ಬಡಿದುಕೊಂಡು ತೋರಿಸಿದೆ. ಅವಳು ಬಗ್ಗಿ ಮ್ಯಾಟು ಮುಟ್ಟಿದಳು, ಹೋಗಿ ಮೊಮ್ಮಗಳ ಬೆನ್ನು ಮುಟ್ಟಿದಳು.

ತೀರ್ಪು ಬಹಳ ಹೊತ್ತು ಹಿಡಿಯಲಿಲ್ಲ. ನಮ್ಮವಳಿಗೆ ಎಚ್ಚರಿಕೆ, ಎದುರಾಳಿಗೆ ಒಂದು ಅಂಕ, ಮೈ ತೊಳೆದು ಬರಲು ಐದು ನಿಮಿಷ. ಬರದಿದ್ದರೆ ಕುಸ್ತಿ ಹೋಯಿತು. ನಮ್ಮವಳ ಕೋಚು, ಬೋಳುತಲೆಯ ಒಳ್ಳೆಯ ಮನುಷ್ಯ, ಅವಳನ್ನು ಸಿಂಕಿಗೆ ಓಡಿಸಿಕೊಂಡು ಹೋದ. ಮ್ಯಾಟು ತೊಳೆಯುವುದು ಹೇಗೆಂದು ತಿಳಿಯದೆ ಎಲ್ಲರೂ ನಿಂತಿದ್ದರು. ನಾನು ಕೆಫೆಗೆ ಓಡಿ ಪಾತ್ರೆ ತೊಳೆಯುವ ಲಿಕ್ವಿಡ್ಡೂ ಬಿಸಿನೀರೂ ತಂದೆ. ನೊರೆ ಹಾಕಿ ಉಜ್ಜಿ, ಬರೀ ನೀರಿನಿಂದ ಎರಡು ಸಲ ತೆಗೆದು, ಒಣ ಟವೆಲ್ಲಿನ ಮೇಲೆ ಮೊಣಕಾಲೂರಿ ಒತ್ತಿದೆ. ಕೊನೆಗೆ ಅಂಗೈಯಿಂದ ತಿಕ್ಕಿ ನೋಡಿದೆ, ಕಿರ್ ಎಂದಿತು. ಬಿಳಿಗೂದಲಿನವಳು ತಲೆಯಾಡಿಸಿದಳು.

ಮೊಮ್ಮಗಳು ಒದ್ದೆ ಮೈಯಲ್ಲಿ, ಮುಖ ಬಿಳಿಚಿಕೊಂಡು ಬಂದಳು. ಎರಡನೆಯ ಸುತ್ತು ಸೋತಳು. ಮೂರನೆಯದರಲ್ಲಿ ಇಬ್ಬರೂ ಒಂದೂ ಅಂಕ ಕೊಡಲಿಲ್ಲ. ಹಾಗಾದರೆ ಒಂದು ಬಿಲ್ಲೆ ಚಿಮ್ಮುತ್ತಾರೆ, ಒಂದು ಕಡೆ ಕೆಂಪು, ಒಂದು ಕಡೆ ನೀಲಿ. ಯಾರ ಬಣ್ಣ ಬೀಳುತ್ತದೋ ಅವಳಿಗೆ ಇನ್ನೊಬ್ಬಳ ಕಾಲು ಹಿಡಿಯಲು ಕೊಟ್ಟು ಮತ್ತೆ ಸೀಟಿ ಊದುತ್ತಾರೆ. ಮೂರು ವರ್ಷದ ಬೆವರು, ಎರಡು ವಾರದ ಉಪವಾಸ, ಒಂದು ಬಿಲ್ಲೆ! ನೀಲಿ ಬಿತ್ತು. ಕಾಲು ಕೊಟ್ಟ ನಮ್ಮವಳು ಕಾಲಿನೊಂದಿಗೇ ಕೆಳಗೆ ಬಂದಳು.

ಸೂಪರ್‌ವೈಸರ್ ನನ್ನ ಕೈಯಿಂದ ಮಾಪು ತೆಗೆದುಕೊಂಡಳು. "ಎಂತ ಮಾಡಿದ್ದು ಅಜ್ಜಿ ನೀವು? ಮುಟ್ಟಬೇಡಿ ಅಂತ ಹೇಳಿದ್ದಲ್ವಾ ನಾನು? ಈಗ ಆಫೀಸಿನವರಿಗೆ ನಾನೇ ಉತ್ತರ ಕೊಡ್ಬೇಕು. ಇವತ್ತು ಇನ್ನು ಮ್ಯಾಟಿನ ಹತ್ರ ಬರ್ಲಿಕ್ಕಿಲ್ಲ. ಚೇಂಜಿಂಗ್ ರೂಮ್ ನೋಡಿಕೊಳ್ಳಿ."

ಚೇಂಜಿಂಗ್ ರೂಮಿನಲ್ಲಿ ಮೊಮ್ಮಗಳೇ ಕುಳಿತಿದ್ದಳು, ತಲೆಯ ಮೇಲೆ ಟವೆಲ್ಲು ಹಾಕಿಕೊಂಡು.

"ವೈ ವುಡ್ ಯು ಸೇ ದಟ್?" ಟವೆಲ್ಲಿನ ಒಳಗಿನಿಂದಲೇ ಕೇಳಿದಳು. ಯಾಕೆ ಹೇಳಿದೆ ಎಂದು.

"ಆಕಿ ಕಾಲ ಜಾರಿತ್ತಲ್ಲ ಯವ್ವಾ."

"ಒರಸಿ ಹೋಗಬೇಕಿತ್ತು! ಜಸ್ಟ್ ಮಾಪ್ ಇಟ್! ಅಷ್ಟೇ ಅಲ್ಲೇನು ನಿನ್ನ ಕೆಲಸ?"

"ಒರಸಿದೆ. ಎಣ್ಣಿ ಒರಸಿದ್ರ ಹೋಗಂಗಿಲ್ಲ, ಹರಡತದ."

"ಲಾಸ್ಟ್ ಇಯರ್, ಅಜ್ಜಿ. ಮೈ ಲಾಸ್ಟ್ ಇಯರ್." ಎದ್ದಳು. "ಇವತ್ತ ನನ್ನ ಜೋಡಿ ಮಾತಾಡಬ್ಯಾಡ."

ಬಾಗಿಲು ಅದರಷ್ಟಕ್ಕೆ ಮುಚ್ಚಿಕೊಂಡಿತು. ನಾನು ಒಂದೊಂದೇ ಸಿಂಕು ತೊಳೆದೆ. ತೊಳೆದ ಸಿಂಕನ್ನೇ ಮತ್ತೆ ತೊಳೆದೆ. ಸಂಬಳದ ಕೆಲಸ ಹೋದರೆ ಹೋಗಲಿ ಅನ್ನಿಸಿತು, ಆದರೆ ಆ ಹುಡುಗಿಯ ಮುಖ ನೋಡಿ ಬದುಕುವುದು ಹೇಗೆ? ಎಣ್ಣೆಯ ಶೀಶೆಯನ್ನು ಕಸದ ಡಬ್ಬಿಗೆ ಹಾಕಿದೆ.

ಊಟದ ಹೊತ್ತಿಗೆ ಸೂಪರ್‌ವೈಸರ್ ಬಂದು ಬಾಗಿಲಲ್ಲಿ ನಿಂತಳು. ಸಿಟ್ಟು ಇಳಿದಿರಲಿಲ್ಲ, ಆದರೆ ಕೈಯಲ್ಲಿ ನನಗಾಗಿ ಒಂದು ಕಪ್ ಚಹಾ ಇತ್ತು.

"ಅಳುದು ಸಾಕು. ಇವಳದ್ದು ಪೂರ್ತಿ ಮುಗಿಯಲಿಲ್ಲ, ಗೊತ್ತುಂಟಾ? ಸೋತವರಿಗೆ ಇನ್ನೊಂದು ದಾರಿ ಉಂಟು. ಆ ಕೆಂಪು ಕೂದಲಿನವಳು ಸೆಮಿಫೈನಲ್ ಗೆದ್ದು ಫೈನಲಿಗೆ ಹೋಗ್ಬೇಕು. ಹೋದ್ರೆ, ಅವಳ ಕೈಯಲ್ಲಿ ಸೋತವರನ್ನು ಎಲ್ಲ ಪುನಃ ಕರೀತಾರೆ. ಅವರು ಅವರಲ್ಲಿ ಆಡಿ, ಗೆದ್ದವಳಿಗೆ ಕಂಚು. ಈಚೆ ಬದಿಯಿಂದ ಒಂದು, ಆಚೆ ಬದಿಯಿಂದ ಒಂದು."

"ಅಕಿ ಸೋತ್ರ?"

"ಸೋತ್ರೆ ನಿಮ್ಮವಳೂ ಮನೆಗೆ."

ಅಂದರೆ ನನ್ನ ಮೊಮ್ಮಗಳನ್ನು ಸೋಲಿಸಿದವಳು ಗೆಲ್ಲಬೇಕು. ನನ್ನ ಎಣ್ಣೆಯಿಂದ ಮಡಚಿದ ಆ ಮೊಣಕಾಲು ಗಟ್ಟಿ ನಿಲ್ಲಬೇಕು! ಆ ಹುಡುಗಿ ಕಾರಿಡಾರಿನ ಬೆಂಚಿನ ಮೇಲೆ ಕಾಲು ಚಾಚಿ, ಪಟ್ಟಿ ಸುತ್ತಿಸಿಕೊಂಡು ಕುಳಿತಿದ್ದಳು. ನನ್ನ ಕೈ ತುರಿಸಿತು. ಆ ಮೊಣಕಾಲಿಗೆ ಏನು ಮಾಡಬೇಕೆಂದು ನನಗೆ ಗೊತ್ತು, ಮುಟ್ಟುವಂತಿಲ್ಲ. ಕೆಫೆಯಿಂದ ಒಂದು ಬಕೆಟ್ ಐಸು ತಂದು ಅವಳ ಬೆಂಚಿನ ಪಕ್ಕ ಇಟ್ಟು, ದೂರ ಸರಿದು ನೆಲ ಒರೆಸುತ್ತ ನಿಂತೆ. ಅವಳು "ಚಿಯರ್ಸ್, ಲವ್" ಎಂದಳು, ಉಪಕಾರವಾಯಿತು ಎಂದು. ಎಂಥ ಮಗು!

ಸೆಮಿಫೈನಲ್ ನಾನು ನೋಡಲಿಲ್ಲ. ಗೋಡೆಯ ಈಚೆ ನಿಂತು ಕೇಳಿಸಿಕೊಂಡೆ. ಧಡ್ ಎಂದು ಬಿದ್ದ ಸದ್ದು, ಯಾರು ಬಿದ್ದರೋ. ಚಪ್ಪಾಳೆ, ಯಾರಿಗೋ. ಮೈಕಿನವನು ಏನೋ ಹೇಳಿದ, ಅದರಲ್ಲಿ ನನಗೆ ತಿಳಿದದ್ದು "ಬ್ಲೂ" ಎಂಬ ಒಂದೇ ಮಾತು. ಆ ಹುಡುಗಿ ಈ ಸಲ ನೀಲಿಯೋ ಕೆಂಪೋ ನನಗೇನು ಗೊತ್ತು? ಮನೆದೇವರು, ಗರಡಿಯ ಹನುಮಪ್ಪ, ಸೂಪರ್‌ವೈಸರಳ ಕೊರಳಲ್ಲಿದ್ದ ಶಿಲುಬೆ, ಎಲ್ಲರಿಗೂ ಕೈಮುಗಿದೆ. ಬಹಳ ಹೊತ್ತಾದ ಮೇಲೆ ಮೈಕಿನಲ್ಲಿ ನನ್ನ ಮೊಮ್ಮಗಳ ಹೆಸರು ಬಂತು. ಅವನ ಬಾಯಲ್ಲಿ ಅದು ಮೂರು ತುಂಡಾಗಿ, ತಲೆಕೆಳಗಾಗಿ ಬಂತು, ಆದರೂ ಅದು ಅವಳದೇ! ಕರೆಯುತ್ತಿದ್ದಾರೆ ಅಂದರೆ ಆ ಹುಡುಗಿ ಫೈನಲ್ಲಿಗೆ ಹೋದಳು. ಕೈಯಲ್ಲಿದ್ದ ಬ್ರಶ್ಶು ಸಿಂಕಿನೊಳಗೆ ಬಿತ್ತು.

ಕೆಂಪು ಕೂದಲಿನವಳ ಕೈಯಲ್ಲಿ ಮೊದಲೇ ಸೋತಿದ್ದ ಇನ್ನೊಬ್ಬಳ ಜೊತೆಗಿನ ಆ ಕುಸ್ತಿಯೂ ಗೋಡೆಯ ಆಚೆಯೇ ನಡೆಯಿತು. ಮೂರು ಸುತ್ತು ಹಿಡಿಯಿತು, ಸೀಟಿಗಳನ್ನು ಎಣಿಸಿ ತಿಳಿದುಕೊಂಡೆ. ಗ್ಯಾಲರಿಯಿಂದ ಯಜಮಾನರ ದನಿ ಬರುತ್ತಿತ್ತು, ಅದು ಏರಿದರೆ ನನ್ನ ಜೀವ ಏರುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಕೊನೆಗೆ ಅವರು ಒಂದು ಕೇಕೆ ಹಾಕಿದರು ನೋಡಿ, ಟ್ಯೂಬ್‌ಲೈಟ್ ಕಂಪಿಸಿತು.

ಸಂಜೆ ನಾಲ್ಕರ ಸುಮಾರಿಗೆ ಕಂಚಿನ ಕುಸ್ತಿ. ಎದುರಾಳಿ ಸೆಮಿಫೈನಲ್ಲಿನಲ್ಲಿ ಸೋತು ಬಂದವಳು, ಗಿಡ್ಡಕ್ಕೆ, ಕಂಬದ ಹಾಗೆ. ಸೂಪರ್‌ವೈಸರ್ ಹಾಲಿನ ಬಾಗಿಲಿಗೆ ಹಸಿರು ಬಕೆಟ್ ಅಡ್ಡ ಇಟ್ಟು ತೆರೆದಿಟ್ಟಳು.

"ಈ ಬಾಗಿಲಿನ ಗ್ಲಾಸ್ ಕೊಳೆ ಆಗಿದೆ, ಒರೆಸಿ. ನಾನು ಆಚೆ ಹೋಗ್ತೇನೆ. ನನಗೆ ಎಂತದೂ ಗೊತ್ತಿಲ್ಲ, ಆಯಿತಾ?"

ಆ ಗಾಜನ್ನು ನಾನು ಎಷ್ಟು ಒರೆಸಿದೆನೋ. ರೆಫ್ರಿ ಈ ಸಲ ಮೊಮ್ಮಗಳ ತೋಳು ಮಾತ್ರವಲ್ಲ, ಬೆನ್ನು, ಕುತ್ತಿಗೆ, ಮಂಡಿಯ ಹಿಂದೆ ಕೂಡ ಮುಟ್ಟಿ ನೋಡಿದ. ಎಲ್ಲರೆದುರು ಅವಳು ಕೈ ಚಾಚಿ ನಿಂತಳು. ನೆಲಕ್ಕೆ ಇಳಿದುಹೋಗಬೇಕು ಅನ್ನಿಸಿತು ನನಗೆ. ಮೊದಲ ಸುತ್ತು ಅವಳಿಗೆ ಬರಲಿಲ್ಲ, ಎರಡು ಸಲ ಕೆಂಪು ಪಟ್ಟಿಯ ಆಚೆ ನೂಕಿಸಿಕೊಂಡಳು. ಎಡಭುಜ ಮತ್ತೆ ಹಿಡಿದುಕೊಂಡಿತ್ತು, ಅವಳು ಅದನ್ನು ಪಕ್ಕೆಗೆ ಒತ್ತಿಕೊಂಡದ್ದು ಇಲ್ಲಿಂದಲೇ ಕಾಣುತ್ತಿತ್ತು. ಆ ಭುಜವನ್ನು ಅವಳ ಎದುರಾಳಿಗಿಂತ ನಾನು ಚೆನ್ನಾಗಿ ಬಲ್ಲೆ, ಆದರೆ ಅದಕ್ಕೆ ನಾನೀಗ ಏನೂ ಮಾಡಲಾರೆ.

ಎರಡನೆಯ ಸುತ್ತಿನಲ್ಲಿ ಕಂಬದಂಥ ಹುಡುಗಿ ಮತ್ತೆ ನೂಕಲು ಬಂದಳು. ಅಂಚಿನ ಹತ್ತಿರ, ಇನ್ನೊಂದು ಹೆಜ್ಜೆಗೆ ಆಚೆ ಎನ್ನುವಾಗ ನಮ್ಮವಳು ತಡೆಯುವುದನ್ನೇ ಬಿಟ್ಟಳು. ಎದುರಾಳಿಯ ತೋಳಿನ ಕೆಳಗೆ ಬಗ್ಗಿದಳು. ನೂಕಿದವಳು ತನ್ನ ಭಾರಕ್ಕೆ ತಾನೇ ಮುಗ್ಗರಿಸಿದಳು. ನಮ್ಮವಳು ಹಿಂದೆ ಹೋಗಿ ಬಲಗೈಯನ್ನು ಕಂಕುಳೊಳಗಿಂದ ಕುತ್ತಿಗೆಯ ಮೇಲೆ ತಂದು, ಇಡೀ ಮೈಯನ್ನು ಮೀಟುಗೋಲು ಮಾಡಿ ಹೊರಳಿಸಿದಳು. ಒಂದು ಭುಜ ತಾಗಿತು. ಇನ್ನೊಂದು ನಾಲ್ಕು ಬೆರಳು ಮೇಲಿದೆ. ಮೂರು ಬೆರಳು. ರೆಫ್ರಿ ಹೊಟ್ಟೆಯ ಮೇಲೆ ಮಲಗಿ ಕೆನ್ನೆಯನ್ನು ಮ್ಯಾಟಿಗೆ ಇಟ್ಟು ನೋಡುತ್ತಿದ್ದಾನೆ. ನನ್ನ ಉಸಿರು ಗಾಜಿನ ಮೇಲೆ ಮಂಜು ಹಿಡಿದು ಏನೂ ಕಾಣಿಸದಾಯಿತು! ತೋಳಿನಿಂದ ಒರೆಸುವಷ್ಟರಲ್ಲಿ ಅವನ ಅಂಗೈ ಮ್ಯಾಟಿಗೆ ಬಡಿದ ಸದ್ದು ಕೇಳಿಸಿತು.

ಗೆದ್ದಳು ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ಬಕೆಟ್ ಒದ್ದು ಒಳಗೆ ಓಡಬೇಕೆಂದಿದ್ದವಳು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಅವಳು ಕೋಚಿನ ಕುತ್ತಿಗೆಗೆ ಜೋತುಬಿದ್ದಳು, ಗ್ಯಾಲರಿಯ ಕಡೆ ಕೈ ಬೀಸಿದಳು. ಬಾಗಿಲ ಕಡೆ ನೋಡಲಿಲ್ಲ. ಪದಕ ಹಾಕುವಾಗ ಫೈನಲ್ ಗೆದ್ದ ಕೆಂಪು ಕೂದಲಿನ ಹುಡುಗಿ ಕುಂಟುತ್ತ ಮೇಲಿನ ಮೆಟ್ಟಿಲು ಹತ್ತಿದಳು, ನಮ್ಮವಳಿಗೆ ಕೈ ಕೊಟ್ಟು ಏನೋ ಹೇಳಿದಳು. ಇಬ್ಬರೂ ನಕ್ಕರು. ಆಫೀಸಿನವರು ನನಗೆ ಒಂದು ಎಚ್ಚರಿಕೆಯ ಕಾಗದ ಕೊಟ್ಟರು. ಕೆಲಸ ಉಳಿಯಿತು.

ಮ್ಯಾಟು ಸುತ್ತಿ ಲಾರಿಗೆ ಹಾಕಿಸಿ ನಾನು ಮನೆ ಸೇರಿದಾಗ ಏಳೂವರೆ. ಮಗ, ಸೊಸೆ ಕೆಲಸ ಮುಗಿಸಿ ಬಂದಿದ್ದರು. ಯಜಮಾನರು ಪದಕವನ್ನು ತಾವೇ ಹಾಕಿಕೊಂಡು ಸೋಫಾದ ಮೇಲೆ ಕುಳಿತು, ಗಂಟಲು ಹೋಗಿ ಪಿಸುಗುಟ್ಟುತ್ತ ಕುಸ್ತಿ ವರ್ಣಿಸುತ್ತಿದ್ದರು. "ಎಲ್ಲಾರಕಿಂತ ದೊಡ್ಡ ಪೈಲ್ವಾನ್ ಬಂದ್ಲು ನೋಡ್ರಿ" ಎಂದರು ನನ್ನನ್ನು ನೋಡಿ. "ಒಂದ ಕೈ ಎತ್ತಿ ಸ್ವಂತ ಮೊಮ್ಮಗಳನ್ನ ಒಗದಾಕಿ!" ಮಗ ಸುಮ್ಮನಿರಪ್ಪಾ ಎಂದ. ಮೊಮ್ಮಗಳು ಕಿಟಕಿಯ ಕಡೆ ನೋಡುತ್ತಿದ್ದಳು. ನಾನು ಕೋಟು ತೆಗೆದು ನೇರ ಒಲೆಯ ಮುಂದೆ ಹೋದೆ.

ಜೋಳದ ಹಿಟ್ಟು ಕಲಸಿ ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಈರುಳ್ಳಿ. ಎರಡು ವಾರ ಅರೆಹೊಟ್ಟೆಯಲ್ಲಿದ್ದವಳು, ಬಿಸಿ ಬಿಸಿ ಬೀಳಲಿ. ನಮ್ಮಲ್ಲಿ ಎಲ್ಲರೂ ಉಂಡು ಎದ್ದ ಮೇಲೆ ನಾನು ಒಲೆಯ ಪಕ್ಕದಲ್ಲೇ ನಿಂತು ಉಣ್ಣುವುದು. ಬೇಡ ಎಂದು ಯಾರೂ ಹೇಳಿಲ್ಲ, ಬೇಕು ಎಂದೂ ಹೇಳಿಲ್ಲ. ನಾಲ್ಕು ಕುರ್ಚಿಯ ಮೇಜಿಗೆ ನಾಲ್ವರೂ ಕುಳಿತರು. ನಾನು ಮೊಮ್ಮಗಳ ತಾಟಿಗೆ ರೊಟ್ಟಿ ಹಾಕಿದೆ. ಅವಳು ಮುಟ್ಟಲಿಲ್ಲ. ಇನ್ನೊಂದು ಹಾಕಿದೆ. ಮುಟ್ಟಲಿಲ್ಲ.

"ಉಣ್ಣು ಬೇ, ಆರತದ" ಎಂದಳು ಸೊಸೆ.

ಮೊಮ್ಮಗಳು ಎದ್ದಳು. ಮಲಗುವ ಕೋಣೆಯಿಂದ ತಾನು ಓದುವಾಗ ಕೂರುವ ಸ್ಟೂಲು ತಂದು ತನ್ನ ಕುರ್ಚಿಗೆ ಒತ್ತಿ ಇಟ್ಟಳು. ಅಡುಗೆಮನೆಗೆ ಬಂದು ನನ್ನ ಹಿಂದಿನಿಂದ ಕೈ ಚಾಚಿ ಒಲೆ ಆರಿಸಿದಳು.

"ಅಜ್ಜಿ, ಕೂಡು ಬಾ."

"ಇನ್ನಾ ನಾಕ್ ರೊಟ್ಟಿ ಅದಾವ..."

"ಮಮ್ಮಿ ಮಾಡ್ತಾಳ."

"ನಿಮ್ಮ ಮಮ್ಮಿ ಮಾಡಿದ ರೊಟ್ಟಿ ನಕಾಶೆ ಆಗ್ತಾವ" ಎಂದ ಮಗ. ಸೊಸೆ ಚಟ್ನಿಯ ಚಮಚ ಎತ್ತಿ ಅವನ ಕೈಗೆ ಬಡಿದು ಎದ್ದಳು.

ಕೈ ತೊಳೆ ಎಂದಳು ಮೊಮ್ಮಗಳು. ತೊಳೆದೆ. ಸ್ಟೂಲಿನ ಮೇಲೆ ತಾನು ಕುಳಿತು ಕುರ್ಚಿಯನ್ನು ನನಗೆ ಬಿಟ್ಟಳು. ಸೊಸೆಯ ಮೊದಲ ರೊಟ್ಟಿ ಬಂತು, ನಿಜಕ್ಕೂ ಯಾವುದೋ ದೇಶದ ಹಾಗಿತ್ತು, ಯಜಮಾನರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಬೆಳಗಾವಿ ಜಿಲ್ಲೆ ಎಂದರು. ಸೊಸೆಯೂ ಬಂದು ತನ್ನ ಕುರ್ಚಿಯಲ್ಲಿ ಒತ್ತಿಕೊಂಡು ಕುಳಿತಳು. ಐದು ಜನ, ಹತ್ತು ಮೊಳಕೈ, ಮೊಸರಿನ ಬಟ್ಟಲು ಇಡಲು ಜಾಗವಿಲ್ಲ. ನಾನು ಒಂದು ತುತ್ತು ಬಾಯಿಗೆ ಇಟ್ಟೆ. ಬಿಸಿ ರೊಟ್ಟಿಗೆ ಬೇರೆಯೇ ರುಚಿ ಇರುತ್ತದೆ.

ಮೊಮ್ಮಗಳು ತನ್ನ ತಾಟಿನದೆಲ್ಲ ಮುಗಿಸಿದಳು. ಆಮೇಲೆ ಕೇಳದೆ, ನನ್ನ ಕಡೆ ನೋಡದೆ, ಕೈ ಚಾಚಿ ನನ್ನ ತಾಟಿನಲ್ಲಿದ್ದ ರೊಟ್ಟಿಯ ಅರ್ಧ ಮುರಿದುಕೊಂಡಳು. ನಾನು ಉಳಿದ ಅರ್ಧವನ್ನೂ ಅವಳ ಕಡೆ ಸರಿಸಿದೆ.

"ಅದು ನಿಂದು" ಎಂದಳು, ಬಾಯಿ ತುಂಬಿಕೊಂಡೇ. "ಉಣ್ಣು."